ಕೈಗೆ ಬಂದ ಫೈಲನ್ನು ಬಿಚ್ಚಿ ನೋಡಲು ಯಾವ ಡಿಕಂಪೈಲರ್?

ಮುಂಡಗೋಡ ಟಿಬೆಟನ್ ಕಾಲೊನಿಯ ಮಠ, ಶಾಲೆ, ಆಸ್ಪತ್ರೆ, ಸಹಕಾರ ಸಂಘಗಳಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವರಿಗೆ. ಮುಂಡಗೋಡ, ಹಳಿಯಾಳ, ದಾಂಡೇಲಿ, ಜೋಯಿಡಾದ ಮೊಬೈಲ್ ಅಂಗಡಿಯವರಿಗೆ ಮತ್ತು ಕಂಪ್ಯೂಟರ್ ಓದುತ್ತಿರುವ ವಿದ್ಯಾರ್ಥಿಗಳಿಗೆ ಒಂದು ಬಹಿರಂಗ ಪತ್ರ



ಕಂಪೈಲರ್ ಮಾಡಿದ ಕೆಲಸವನ್ನು ಹಿಮ್ಮುಖವಾಗಿ ನಡೆಸಲು ಯತ್ನಿಸುವ ಸಾಫ್ಟ್‌ವೇರಿಗೆ ಡಿಕಂಪೈಲರ್ ಎಂದು ಹೆಸರು. ಪ್ರೋಗ್ರಾಮ್ ಬರೆಯುವವರು ಜಾವಾ, ಸಿ, ಪೈಥಾನ್‌ನಂಥ ಭಾಷೆಯಲ್ಲಿ ಬರೆಯುತ್ತಾರೆ. ಕಂಪೈಲರ್ ಅದನ್ನು ಯಂತ್ರ ನಡೆಸಬಲ್ಲ ರೂಪಕ್ಕೆ ಇಳಿಸುತ್ತದೆ. ಬಳಸುವವರ ಕೈಗೆ ಸಿಗುವುದು ಈ ಇಳಿಸಿದ ರೂಪ ಮಾತ್ರ. ಇಳಿಸುವಾಗ ಬರೆದವರ ಟಿಪ್ಪಣಿಗಳೆಲ್ಲ ಉದುರಿಹೋಗುತ್ತವೆ, ಅನೇಕ ಸಲ ಚರಾಂಶಗಳ ಹೆಸರೂ ಅವುಗಳ ಬಗೆಯೂ ಅಳಿಯುತ್ತವೆ. ಉಳಿದದ್ದರಿಂದ ಮತ್ತೆ ಓದಬಲ್ಲ ಬರಹವನ್ನು ಕಟ್ಟಿಕೊಡುವುದೇ ಡಿಕಂಪೈಲರಿನ ಕೆಲಸ. ಮೂಲ ಬರಹ ಮರಳಿ ಬರುವುದಿಲ್ಲ. ಅದೇ ಕೆಲಸ ಮಾಡಬಲ್ಲ ಇನ್ನೊಂದು ಬರಹ ಬರುತ್ತದೆ, ಅದರಲ್ಲಿ ಊಹೆಯ ಪಾಲೂ ಇರುತ್ತದೆ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಕ್ರಿಸ್ಟಿನಾ ಸಿಫುಯೆಂಟೆಸ್ 1994ರಲ್ಲಿ ಮಂಡಿಸಿದ ಪಿಎಚ್‌ಡಿ ಪ್ರಬಂಧ ಈ ವಿದ್ಯೆಗೆ ಇಂದಿನ ಚೌಕಟ್ಟನ್ನು ಹಾಕಿಕೊಟ್ಟಿತು. ಆಕೆ ಕಟ್ಟಿದ ಡಿಸಿಸಿ ಎಂಬ ಸಲಕರಣೆ ಹಳೆಯ ಡಾಸ್ ಪ್ರೋಗ್ರಾಮ್‌ಗಳನ್ನು ಸಿ ಭಾಷೆಗೆ ತಿರುಗಿಸುತ್ತಿತ್ತು. ಆಗ ಎದುರಾದ ಮುಖ್ಯ ತೊಡಕು ಇಂದಿಗೂ ಇದೆ: ಮಷಿನ್ ಕೋಡಿನಲ್ಲಿ ಯಾವುದು ಆದೇಶ, ಯಾವುದು ದತ್ತಾಂಶ ಎಂದು ಎಲ್ಲ ಸಂದರ್ಭಗಳಲ್ಲೂ ತಪ್ಪಿಲ್ಲದೆ ಬೇರ್ಪಡಿಸುವ ಸೂತ್ರವೇ ಇಲ್ಲ.

ಇದು ದೂರದ ಪ್ರಯೋಗಾಲಯಗಳಿಗೆ ಮಾತ್ರ ಬೇಕಾದ ವಿದ್ಯೆ ಎಂದು ಉತ್ತರ ಕನ್ನಡದ ಒಂದು ತಾಲ್ಲೂಕು ಸುಮ್ಮನಿರುವಂತಿಲ್ಲ. ಮುಂಡಗೋಡದ ಟಿಬೆಟನ್ ವಸಾಹತು 1966ರಲ್ಲಿ ಆರಂಭವಾಯಿತು. ಡ್ರೆಪುಂಗ್, ಗಾದೆನ್ ಮಹಾವಿಹಾರಗಳು ಇಲ್ಲಿನ ಲಾಮಾ ಕ್ಯಾಂಪುಗಳಲ್ಲಿ ಮತ್ತೆ ನೆಲೆಗೊಂಡವು. ಲೋಕದ ಬೇರೆ ಯಾವ ಸಣ್ಣ ಸಮುದಾಯವೂ ಕಾಣದಷ್ಟು ಗೂಢಚಾರ ಸಾಫ್ಟ್‌ವೇರಿನ ಕಾಟವನ್ನು ಗಡಿಪಾರಿನ ಟಿಬೆಟನ್ನರು ಕಂಡಿದ್ದಾರೆ ಎಂದರೆ ಅತಿಶಯವಾಗದು. 2009ರ ಮಾರ್ಚ್‌ನಲ್ಲಿ ಕೆನಡಾದ ಸಂಶೋಧಕರು ‘ಘೋಸ್ಟ್‌ನೆಟ್’ ಎಂದು ಹೆಸರಿಟ್ಟು ಬಯಲಿಗೆಳೆದ ಜಾಲ 103 ದೇಶಗಳ 1,295 ಕಂಪ್ಯೂಟರುಗಳಲ್ಲಿ ಹೊಕ್ಕಿತ್ತು. ಆ ತನಿಖೆ ಶುರುವಾದದ್ದೇ ಧರ್ಮಶಾಲೆಯ ದಲೈ ಲಾಮಾ ಕಚೇರಿಯ ಕಂಪ್ಯೂಟರುಗಳಿಂದ. 2024ರ ಜನವರಿಯಲ್ಲಿ ಈಸೆಟ್ ಕಂಪನಿಯ ಸಂಶೋಧಕರು ಇನ್ನೊಂದು ಸಂಚನ್ನು ಕಂಡರು: ಮೊನ್ಲಮ್ ಪ್ರಾರ್ಥನಾ ಉತ್ಸವದ ಜಾಲತಾಣಕ್ಕೆ ಬಂದವರಿಗೆ ಸುಳ್ಳು ದೋಷಪುಟ ತೋರಿಸಿ ‘ಸರ್ಟಿಫಿಕೇಟ್’ ಹೆಸರಿನ ಫೈಲ್ ಇಳಿಸಿಕೊಳ್ಳುವಂತೆ ಮಾಡಲಾಗುತ್ತಿತ್ತು, ಟಿಬೆಟನ್ ಭಾಷೆಯ ಅನುವಾದ ಸಾಫ್ಟ್‌ವೇರೊಂದರ ಇನ್‌ಸ್ಟಾಲರಿನಲ್ಲೇ ವಿಷ ಬೆರೆಸಲಾಗಿತ್ತು. ಅದೇ ವರ್ಷದ ನವೆಂಬರಿನಲ್ಲಿ ಬಂದ ಮತ್ತೊಂದು ವರದಿಯ ಪ್ರಕಾರ ಇಂಥದ್ದೇ ದಾಳಿಗೆ ಒಳಗಾದ ಎರಡು ಜಾಲತಾಣಗಳಲ್ಲಿ ಒಂದು ಬೌದ್ಧ ತಂತ್ರಸಾಧನೆಯ ಗ್ಯುಮೆ ವಿಶ್ವವಿದ್ಯಾಲಯದ್ದು. ಆ ಸಂಸ್ಥೆ ಇರುವುದು ನಮ್ಮದೇ ರಾಜ್ಯದ ಹುಣಸೂರು ತಾಲ್ಲೂಕಿನಲ್ಲಿ.

ಕಾಲೊನಿಯ ಹೊರಗಿರುವವರೂ ನಿರಾಳರಲ್ಲ. ಮದುವೆಯ ಕರೆಯೋಲೆ, ಆರ್‌ಟಿಒ ದಂಡದ ಚೀಟಿ, ಪಿಎಂ ಕಿಸಾನ್ ಕಂತು ಎಂದು ವಾಟ್ಸ್‌ಆ್ಯಪಿನಲ್ಲಿ ಬರುವ ಎಪಿಕೆ ಫೈಲುಗಳು ಹಳಿಯಾಳದ ಕಬ್ಬು ಬೆಳೆಗಾರನ ಫೋನಿಗೂ ದಾಂಡೇಲಿಯ ಕಾರ್ಖಾನೆ ಕೆಲಸಗಾರನ ಫೋನಿಗೂ ಬರುವಂಥವೇ. ಅವು ಎಸ್ಸೆಮ್ಮೆಸ್ಸಿನ ಒಟಿಪಿಯನ್ನು ಕದ್ದು ಬ್ಯಾಂಕ್ ಖಾತೆ ಬರಿದು ಮಾಡುತ್ತವೆ. ಗೂಢಚರ್ಯೆಯ ಆ್ಯಪ್ ಆಗಲಿ, ಹಣ ಕದಿಯುವ ಆ್ಯಪ್ ಆಗಲಿ, ಬಿಚ್ಚಿ ನೋಡುವ ಸಲಕರಣೆ ಒಂದೇ. ಹೀಗಾಗಿ ಲಾಮಾ ಕ್ಯಾಂಪಿನ ಕಂಪ್ಯೂಟರ್ ಕೋಣೆಯಲ್ಲಿ ಕಲಿತದ್ದು ಮುಂಡಗೋಡ ಬಸ್ ನಿಲ್ದಾಣದ ಹತ್ತಿರದ ಮೊಬೈಲ್ ಅಂಗಡಿಗೂ ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಸಲಕರಣೆಯ ಆಯ್ಕೆಯ ಬಗ್ಗೆ ಸಿಗುವ ಸಲಹೆಗಳಲ್ಲಿ ಬಹುಪಾಲು ‘ಯಾವುದು ಎಲ್ಲಕ್ಕಿಂತ ಒಳ್ಳೆಯದು’ ಎಂಬ ಪ್ರಶ್ನೆಯಿಂದಲೇ ಹೊರಡುತ್ತವೆ. ಆ ಪ್ರಶ್ನೆಗೆ ಉತ್ತರವಿಲ್ಲ. ಕೈಯಲ್ಲಿರುವ ಫೈಲ್ ಯಾವ ಜಾತಿಯದು, ಅದರಿಂದ ತಿಳಿಯಬೇಕಾದದ್ದು ಏನು ಎಂಬ ಎರಡು ಪ್ರಶ್ನೆಗಳೇ ಸಲಕರಣೆಯನ್ನು ಗೊತ್ತುಮಾಡುತ್ತವೆ. ಇದನ್ನು ಅರಿಯಲು 2013ರ ಒಂದು ಪ್ರಕರಣವನ್ನು ಕೊಂಚ ನಿಧಾನವಾಗಿ ನೋಡಬೇಕು.

2012ರ ಡಿಸೆಂಬರಿನಲ್ಲಿ ಟಿಬೆಟನ್ ಸಮುದಾಯದೊಡನೆ ಕೆಲಸ ಮಾಡುವ ಮಾಹಿತಿ ಸುರಕ್ಷಾ ತಜ್ಞರೊಬ್ಬರು ಗಡಿಪಾರಿನ ಸಂಸತ್ತಿನ ಸದಸ್ಯರೊಬ್ಬರಿಗೆ ಇಮೇಲ್ ಬರೆದು, ವಿಚ್ಯಾಟ್ ಬದಲು ಬಳಸಬಹುದಾದ ಕಾಕಾವೊಟಾಕ್ ಆ್ಯಪಿನ ಅಸಲಿ ಎಪಿಕೆಯನ್ನು ಲಗತ್ತಿಸಿದ್ದರು. 2013ರ ಜನವರಿ 16ರಂದು ಅದೇ ತಜ್ಞರ ಹೆಸರಿನಲ್ಲಿ, ಅದೇ ಮಾತುಗಳನ್ನೇ ಬಳಸಿಕೊಂಡು, ಸಮುದಾಯದ ಇನ್ನೊಬ್ಬ ಪ್ರಮುಖರಿಗೆ ಇಮೇಲ್ ಹೋಯಿತು. ಈ ಸಲದ ಎಪಿಕೆ ನಕಲಿಯದು. ಆ್ಯಪ್ ಎಂದಿನಂತೆ ಓಡುತ್ತಿತ್ತು. ಹಿನ್ನೆಲೆಯಲ್ಲಿ ಸಂಪರ್ಕಗಳ ಪಟ್ಟಿ, ಕರೆಗಳ ಇತಿಹಾಸ, ಎಸ್ಸೆಮ್ಮೆಸ್ಸುಗಳನ್ನು ಒಟ್ಟುಮಾಡಿ ಹೊರಗೆ ಕಳಿಸುತ್ತಿತ್ತು. ವಿಶೇಷ ಸಂಕೇತವಿದ್ದ ಒಂದು ಎಸ್ಸೆಮ್ಮೆಸ್ ಬಂದರೆ ಫೋನ್ ಯಾವ ಟವರಿನ ಅಡಿ ಇದೆ ಎಂಬುದನ್ನೂ ತಿಳಿಸುತ್ತಿತ್ತು. ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ ಇದನ್ನು ಬಿಚ್ಚಿ ಏಪ್ರಿಲ್ 2013ರಲ್ಲಿ ವರದಿ ಮಾಡಿತು. ಗಮನಿಸಬೇಕಾದದ್ದು ಇಷ್ಟು: ನಕಲಿ ಎನ್ನುವುದು ಗೊತ್ತಾಗಲು ಕೋಡನ್ನು ಓದುವ ಮುಂಚೆಯೇ ಎರಡು ಕುರುಹುಗಳಿದ್ದವು. ಆ್ಯಪ್ ಕೇಳುತ್ತಿದ್ದ ಪರ್ಮಿಷನ್ನುಗಳು ಅಸಲಿಗಿಂತ ಹೆಚ್ಚಿದ್ದವು. ಎಪಿಕೆಗೆ ಹಾಕಿದ್ದ ಡಿಜಿಟಲ್ ಸಹಿ ಅಸಲಿ ಕಂಪನಿಯದ್ದಾಗಿರಲಿಲ್ಲ. ಕೋಡನ್ನು ಓದಬೇಕಾದದ್ದು ಆಮೇಲಿನ ಪ್ರಶ್ನೆಗೆ, ಏನನ್ನು ಕದಿಯುತ್ತದೆ, ಎಲ್ಲಿಗೆ ಕಳಿಸುತ್ತದೆ ಎಂಬುದಕ್ಕೆ.

ಆದ್ದರಿಂದ ಈ ಪ್ರದೇಶದಲ್ಲಿ ಮೊದಲು ಕಲಿಯಬೇಕಾದದ್ದು ಆಂಡ್ರಾಯ್ಡ್ ಸಲಕರಣೆಗಳನ್ನು. ಎಪಿಕೆ ಎಂಬುದು ಬೇರೇನಲ್ಲ, ಒಂದು ಜಿಪ್ ಕಟ್ಟು. ಅದರೊಳಗೆ ಮ್ಯಾನಿಫೆಸ್ಟ್ ಎಂಬ ಘೋಷಣಾಪತ್ರ, ಚಿತ್ರಗಳು ಮತ್ತಿತರ ಸಾಮಗ್ರಿ, ಡೆಕ್ಸ್ ರೂಪದ ಬೈಟ್‌ಕೋಡ್, ಕೆಲವೊಮ್ಮೆ ಲಿಬ್ ಫೋಲ್ಡರಿನಲ್ಲಿ ಮಷಿನ್ ಕೋಡಿನ ಎಸ್‌ಒ ಫೈಲುಗಳು ಇರುತ್ತವೆ. ಡೆಕ್ಸ್ ಬೈಟ್‌ಕೋಡ್ ಡಿಕಂಪೈಲ್ ಮಾಡುವವರ ಪಾಲಿಗೆ ಉದಾರಿ. ಕ್ಲಾಸ್, ಮೆಥಡ್‌ಗಳ ಹೆಸರು, ಅವು ತೆಗೆದುಕೊಳ್ಳುವ ದತ್ತಾಂಶದ ಬಗೆ ಎಲ್ಲವನ್ನೂ ಉಳಿಸಿಕೊಂಡಿರುವುದರಿಂದ ಮೂಲದ ಜಾವಾಕ್ಕೆ ಬಹಳ ಹತ್ತಿರದ ಬರಹವನ್ನು ಮರಳಿ ಪಡೆಯಬಹುದು. ಇದಕ್ಕೆ ಇಂದು ಜಾಡೆಕ್ಸ್‌ಗಿಂತ ಅನುಕೂಲವಾದ ಉಚಿತ ಸಲಕರಣೆ ಇಲ್ಲ. ಎಪಿಕೆಯನ್ನು ಅದರ ಕಿಟಕಿಯೊಳಗೆ ಎಳೆದು ಹಾಕಿದರೆ ಮ್ಯಾನಿಫೆಸ್ಟ್, ಸಹಿಯ ವಿವರ, ಸಾಮಗ್ರಿ, ಕೋಡ್ ನಾಲ್ಕೂ ಒಂದೇ ಕಡೆ ತೆರೆದುಕೊಳ್ಳುತ್ತವೆ. ಹೆಸರನ್ನು ಹುಡುಕಬಹುದು, ಒಂದು ಮೆಥಡ್ ಅನ್ನು ಯಾರು ಯಾರು ಕರೆಯುತ್ತಾರೆ ಎಂದು ಕೇಳಬಹುದು, ಅರ್ಥವಾದ ಮೇಲೆ ಹೊಸ ಹೆಸರಿಟ್ಟುಕೊಳ್ಳಬಹುದು. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ, ಜಾವಾ 11 ಅಥವಾ ಅದರ ಮುಂದಿನದು ಇದ್ದರೆ ಸಾಕು. ಅಪಾಚಿ ಪರವಾನಗಿಯಲ್ಲಿ ಅದರ ಮೂಲ ಕೋಡೂ ಬಹಿರಂಗವಾಗಿದೆ.

ಜಾಡೆಕ್ಸ್‌ನ ಇನ್ನೊಂದು ಗುಣ ಹೊಸಬರಿಗೆ ಕಾಣುವುದಿಲ್ಲ, ಆದರೆ ಅದೇ ದೊಡ್ಡದು. ಯಾವುದಾದರೂ ಮೆಥಡ್ ಅದಕ್ಕೆ ಬಗೆಹರಿಯದಿದ್ದರೆ ಅಲ್ಲಿ ಎಚ್ಚರಿಕೆಯ ಟಿಪ್ಪಣಿ ಹಾಕಿ, ಕಚ್ಚಾ ಆದೇಶಗಳನ್ನು ಹಾಗೆಯೇ ಎದುರಿಗಿಡುತ್ತದೆ. ಸೋತಲ್ಲಿ ಸೋತೆ ಎಂದು ಹೇಳುವ ಡಿಕಂಪೈಲರನ್ನೇ ನಂಬಬೇಕು. ಸೋಲನ್ನು ಮುಚ್ಚಿ ಅಂದದ ಆದರೆ ತಪ್ಪಾದ ಬರಹ ಕೊಡುವ ಸಲಕರಣೆ ಓದುಗರನ್ನು ಸುಳ್ಳು ತೀರ್ಮಾನಕ್ಕೆ ಒಯ್ಯುತ್ತದೆ. ಜಾಡೆಕ್ಸ್ ಕೈಬಿಟ್ಟಲ್ಲಿ ಎಪಿಕೆಟೂಲ್ ನೆರವಿಗೆ ಬರುತ್ತದೆ. ಇದು ಡಿಕಂಪೈಲರ್ ಅಲ್ಲ. ಬೈಟ್‌ಕೋಡನ್ನು ಸ್ಮಾಲಿ ಎಂಬ ಸಾಲುಸಾಲು ರೂಪಕ್ಕೆ ಬಿಡಿಸಿ ಇಡುತ್ತದೆ. ಓದಲು ಕಷ್ಟ, ಆದರೆ ಊಹೆ ಕಡಿಮೆ, ಆದ್ದರಿಂದ ತಕರಾರು ಬಂದಾಗ ಸ್ಮಾಲಿಯ ಸಾಕ್ಷ್ಯವೇ ಮೇಲು. ಹಳೆಯ ಪಾಠಗಳಲ್ಲಿ ಡೆಕ್ಸ್‌ಟುಜಾರ್‌ನಿಂದ ಜಾರ್ ಮಾಡಿಕೊಂಡು ಜೆಡಿ-ಜಿಯುಐಯಲ್ಲಿ ತೆರೆಯುವ ಕ್ರಮ ಇನ್ನೂ ಕಾಣಸಿಗುತ್ತದೆ. ಎರಡು ಕಡೆ ತಿರುಗಿಸುವುದರಿಂದ ತಪ್ಪಿಗೂ ಎರಡು ಅವಕಾಶ. ಜೆಡಿ-ಜಿಯುಐ 2019ರಿಂದ ಹೊಸ ಆವೃತ್ತಿಯನ್ನೇ ಕಂಡಿಲ್ಲ. ಹೊಸದಾಗಿ ಕಲಿಯುವವರು ಆ ದಾರಿ ಹಿಡಿಯಬೇಕಾಗಿಲ್ಲ.

ಓದುವ ಕ್ರಮವೂ ಆಯ್ಕೆಯ ಭಾಗವೇ. ಮೊದಲು ಮ್ಯಾನಿಫೆಸ್ಟ್: ಕರೆಯೋಲೆ ತೋರಿಸುವ ಆ್ಯಪಿಗೆ ಎಸ್ಸೆಮ್ಮೆಸ್ ಓದುವ ಹಕ್ಕು ಏಕೆ ಬೇಕು, ಪಂಚಾಂಗಕ್ಕೆ ಮೈಕ್ ಏಕೆ ಬೇಕು, ಫೋನ್ ಚಾಲೂ ಆದೊಡನೆ ತಾನೂ ಏಳುವ ವ್ಯವಸ್ಥೆ ಪ್ರಾರ್ಥನಾ ಆ್ಯಪಿಗೆ ಏಕೆ? ಅಂಗವಿಕಲರ ನೆರವಿಗೆಂದು ಇರುವ ಆಕ್ಸೆಸಿಬಿಲಿಟಿ ಸೇವೆಯನ್ನು ಕೇಳಿದ್ದರಂತೂ ಎದ್ದು ಕೂರಬೇಕು, ಪರದೆಯ ಮೇಲಿನ ಎಲ್ಲವನ್ನೂ ಅದು ಓದಬಲ್ಲದು. ಆಮೇಲೆ ಕೋಡಿನೊಳಗಿನ ಜಾಲ ವಿಳಾಸಗಳು. ಅದಾದ ಮೇಲೆ ಆ್ಯಪ್ ತನ್ನೊಳಗಿಂದ ಇನ್ನೊಂದು ಎಪಿಕೆಯನ್ನೋ ಡೆಕ್ಸ್ ಅನ್ನೋ ತೆಗೆದು ನಡೆಸುತ್ತದೆಯೇ ಎಂಬುದು. ವಂಚನೆಯ ಎಪಿಕೆಗಳಲ್ಲಿ ಹೊರಗಿನ ಆ್ಯಪ್ ಬರೀ ಪೊಟ್ಟಣವಾಗಿ, ಅಸಲು ಕೇಡು ಒಳಗಿನ ಎರಡನೆಯ ಫೈಲಿನಲ್ಲಿರುವುದು ಸಾಮಾನ್ಯ. ಆ ಎರಡನೆಯದನ್ನೂ ಹೊರತೆಗೆದು ಮತ್ತೆ ಜಾಡೆಕ್ಸ್‌ಗೆ ಕೊಡಬೇಕು. ಮೆಥಡ್‌ಗಳಿಗೆಲ್ಲ ಎ, ಬಿ, ಸಿ ಎಂಬ ಹೆಸರು ಮಾತ್ರ ಕಂಡರೆ ಬೆದರಬೇಕಿಲ್ಲ. ಒಳ್ಳೆಯ ಕಂಪನಿಗಳೂ ಆರ್8, ಪ್ರೊಗಾರ್ಡ್‌ಗಳಿಂದ ಹೆಸರುಗಳನ್ನು ಹೀಗೆ ಮೊಟಕು ಮಾಡುತ್ತವೆ. ಆದರೆ ಆಂಡ್ರಾಯ್ಡ್ ವ್ಯವಸ್ಥೆಯದೇ ಆದ ಕರೆಗಳ ಹೆಸರನ್ನು ಮೊಟಕುಗೊಳಿಸಲಾಗದು. ಎಸ್ಸೆಮ್ಮೆಸ್ ಕಳಿಸುವ ಕರೆಯನ್ನು ನೇರವಾಗಿ ಬರೆದಿದ್ದರೆ ಅದು ತನ್ನ ಹೆಸರಿನಲ್ಲೇ ಇರುತ್ತದೆ, ಅಲ್ಲಿಂದ ಹಿಂದಕ್ಕೆ ನಡೆದುಕೊಂಡು ಬರಬೇಕು.

ಜಾಡೆಕ್ಸ್ ತೆರೆದರೂ ಏನೂ ಸಿಗದ ಆ್ಯಪ್‌ಗಳಿವೆ. ಫ್ಲಟರ್‌ನಲ್ಲಿ ಕಟ್ಟಿದ ಆ್ಯಪ್‌ನ ಜಾವಾ ಭಾಗ ಬರೀ ಹೊಸಿಲು. ಕೆಲಸವೆಲ್ಲ ಒಂದು ಎಸ್‌ಒ ಫೈಲಿನೊಳಗೆ ಮಷಿನ್ ಕೋಡ್ ಆಗಿರುತ್ತದೆ, ಅದಕ್ಕೆ ಬ್ಲಟರ್ ಎಂಬ ಬೇರೆ ಸಲಕರಣೆ ಇದೆ. ರಿಯಾಕ್ಟ್ ನೇಟಿವ್ ಆದರೆ ಜಾವಾಸ್ಕ್ರಿಪ್ಟ್ ಕಟ್ಟನ್ನೋ ಹರ್ಮಿಸ್ ಬೈಟ್‌ಕೋಡನ್ನೋ ಹುಡುಕಬೇಕು. ಐಫೋನ್ ಆ್ಯಪ್‌ಗಳನ್ನು ಆ್ಯಪಲ್ ಬೀಗ ಹಾಕಿಯೇ ಕೊಡುವುದರಿಂದ ಆರಂಭಿಕರು ಆ ಕಡೆ ಹೋಗದಿರುವುದೇ ಸರಿ.

ವಿಂಡೋಸ್ ಫೈಲುಗಳ ಲೋಕ ಇನ್ನೂ ಬೆರಕೆಯದು. ಹೊರಗೆ ಎಲ್ಲವೂ ಇಎಕ್ಸ್‌ಇ, ಒಳಗೆ ಜಾತಿ ಹಲವು. 2025ರ ಜುಲೈ 6ರಂದು ದಲೈ ಲಾಮಾ ಅವರಿಗೆ 90 ತುಂಬಿದ ಸಂದರ್ಭದ ಒಂದು ಪ್ರಕರಣ ಇದನ್ನು ಚೆನ್ನಾಗಿ ತೋರಿಸುತ್ತದೆ. ಹುಟ್ಟುಹಬ್ಬಕ್ಕೆ ಜಗತ್ತಿನಾದ್ಯಂತದ ಭಕ್ತರು ಹೆಸರು ನೋಂದಾಯಿಸುವ ಆ್ಯಪ್ ಎಂದು ಹಂಚಿದ ಫೈಲೊಂದನ್ನು ಝೀಸ್ಕೇಲರ್ ಕಂಪನಿಯ ಸಂಶೋಧಕರು ಬಿಚ್ಚಿದರು. ಹೊರಗಿನ ಪದರ ಪೈಥಾನ್. ಪೈಇನ್‌ಸ್ಟಾಲರ್‌ನಿಂದ ಇಎಕ್ಸ್‌ಇ ಮಾಡಿದ್ದು. ಆದರೆ ಅದು ಗುಟ್ಟಾಗಿ ಇಳಿಸುತ್ತಿದ್ದದ್ದು ಅಸಲಿ ವಿಎಲ್‌ಸಿ ಪ್ಲೇಯರನ್ನು, ಜೊತೆಗೆ ಅದು ನಂಬಿ ಒಳಗೆ ಕರೆದುಕೊಳ್ಳುವ ಒಂದು ನಕಲಿ ಡಿಎಲ್‌ಎಲ್ ಫೈಲನ್ನು. ಮೊದಲ ಪದರಕ್ಕೆ ಪೈಥಾನ್ ಸಲಕರಣೆ, ಎರಡನೆಯದಕ್ಕೆ ಮಷಿನ್ ಕೋಡಿನ ಸಲಕರಣೆ ಬೇಕು. ಒಂದೇ ಡಿಕಂಪೈಲರನ್ನು ನೆಚ್ಚಿಕೊಂಡವರು ಇಂಥ ಫೈಲಿನ ಅರ್ಧದಲ್ಲೇ ನಿಲ್ಲುತ್ತಾರೆ. ಹೀಗಾಗಿ ಡಿಟೆಕ್ಟ್ ಇಟ್ ಈಜಿಯಂಥ ಸಣ್ಣ ಉಚಿತ ಪ್ರೋಗ್ರಾಮಿನಿಂದ ಫೈಲಿನ ಜಾತಿ ತಿಳಿದುಕೊಳ್ಳುವುದು ಯಾವಾಗಲೂ ಮೊದಲ ಹೆಜ್ಜೆ.

ಪೈಇನ್‌ಸ್ಟಾಲರ್ ಕಟ್ಟನ್ನು ಪೈಇನ್‌ಸ್ಟ್‌ಎಕ್ಸ್‌ಟ್ರಾಕ್ಟರ್ ಬಿಚ್ಚುತ್ತದೆ. ಒಳಗೆ ಸಿಗುವ ಪೈಥಾನ್ ಬೈಟ್‌ಕೋಡನ್ನು ಓದಲು ಅನ್‌ಕಂಪೈಲ್6 ಇದೆ, ಆದರೆ ಪೈಥಾನ್ 3.8ರಾಚೆಗೆ ಅದು ನಡೆಯುವುದಿಲ್ಲ. ಅದಕ್ಕಿಂತ ಹೊಸದಕ್ಕೆ ಪೈಸಿಡಿಸಿ, ಅದೂ ಅಲ್ಲಲ್ಲಿ ಅರ್ಧಕ್ಕೇ ಬಿಡುತ್ತದೆ. ಇಲ್ಲಿ ಸಲಕರಣೆಯ ಹೆಸರಿಗಿಂತ ಪೈಥಾನಿನ ಆವೃತ್ತಿಯ ಸಂಖ್ಯೆ ಮುಖ್ಯ. ಡಾಟ್‌ನೆಟ್‌ನಲ್ಲಿ ಬರೆದದ್ದಾದರೆ ಐಎಲ್‌ಸ್ಪೈ ಸಾಕು. ಆ ಕ್ಷೇತ್ರದ ಒಂದು ಹಳೆಯ ಪ್ರಸಂಗವನ್ನು ಮಾತ್ರ ನೆನಪಿಡಬೇಕು. ಲುಟ್ಜ್ ರೋಡರ್ ಬರೆದ ರಿಫ್ಲೆಕ್ಟರ್ ಎಂಬ ಡಿಕಂಪೈಲರ್ ವರ್ಷಗಟ್ಟಲೆ ಪುಕ್ಕಟೆಯಾಗಿತ್ತು. 2008ರಲ್ಲಿ ಒಂದು ಕಂಪನಿ ಅದನ್ನು ಕೊಂಡು 2011ರಲ್ಲಿ ದರ ನಿಗದಿಮಾಡಿತು. ಎಲ್ಲರೂ ಅದನ್ನೇ ನೆಚ್ಚಿಕೊಂಡಿದ್ದರಿಂದ ದೊಡ್ಡ ಗದ್ದಲವಾಯಿತು, ಐಎಲ್‌ಸ್ಪೈ ಹುಟ್ಟಿದ್ದೇ ಆಗ. ಪುಕ್ಕಟೆ ಸಿಗುವುದಕ್ಕೂ ಮೂಲ ಕೋಡ್ ಬಹಿರಂಗವಾಗಿರುವುದಕ್ಕೂ ಇರುವ ಅಂತರ ಸಣ್ಣದಲ್ಲ. ಹಣವಿಲ್ಲದ ಸಂಸ್ಥೆಗಳು ಎರಡನೆಯದನ್ನೇ ಹಿಡಿಯಬೇಕು, ಏಕೆಂದರೆ ಅದನ್ನು ಯಾರೂ ಕಿತ್ತುಕೊಳ್ಳಲಾರರು.

ಸಿ, ಸಿ++ನಲ್ಲಿ ಬರೆದು ಮಷಿನ್ ಕೋಡಿಗೆ ಇಳಿಸಿದ ಫೈಲುಗಳು ಎಲ್ಲಕ್ಕಿಂತ ಕಷ್ಟದವು. ಗಂಭೀರ ಗೂಢಚಾರ ಸಾಫ್ಟ್‌ವೇರ್ ಹೆಚ್ಚಾಗಿ ಈ ಬಗೆಯದು. ಹೆಸರುಗಳೇ ಇಲ್ಲದ ಸಾವಿರಾರು ಫಂಕ್ಷನ್ನುಗಳು ಎದುರಿಗೆ ಬರುತ್ತವೆ. ಡಿಕಂಪೈಲರ್ ಅವುಗಳಿಗೆ ವಿಳಾಸದ ಅಂಕಿಯನ್ನೇ ಹೆಸರಾಗಿ ಕೊಡುತ್ತದೆ. ಇಲ್ಲಿ ಆಯ್ಕೆ ಮುಖ್ಯವಾಗಿ ಐಡಾ ಮತ್ತು ಗೀಡ್ರಾಗಳ ನಡುವೆ. ಇಲ್ಫಾಕ್ ಗಿಲ್ಫಾನೊವ್ 1990ರ ದಶಕದ ಆರಂಭದಿಂದ ಬೆಳೆಸಿದ ಐಡಾ, ಬೆಲ್ಜಿಯಮಿನ ಹೆಕ್ಸ್-ರೇಸ್ ಕಂಪನಿಯದು. 2007ರಲ್ಲಿ ಬಂದ ಅದರ ಡಿಕಂಪೈಲರ್ ವೃತ್ತಿಪರರ ನಡುವೆ ಇಂದಿಗೂ ಅಳತೆಗೋಲು. ಬೆಲೆಯೂ ಅದಕ್ಕೆ ತಕ್ಕಂತೆ. ಅದರ ಉಚಿತ ಆವೃತ್ತಿಯ ಡಿಕಂಪೈಲರ್ ಕೋಡನ್ನು ಕಂಪನಿಯ ಸರ್ವರಿಗೆ ಕಳಿಸಿ ಉತ್ತರ ತರಿಸಿಕೊಳ್ಳುತ್ತದೆ, ಇಂಟೆಲ್ ಬಗೆಯ ಪ್ರೊಸೆಸರುಗಳಿಗೆ ಮಾತ್ರ ನಡೆಯುತ್ತದೆ. ಫೋನುಗಳೊಳಗಿನ ಎಸ್‌ಒ ಫೈಲುಗಳು ಆರ್ಮ್ ಪ್ರೊಸೆಸರಿಗೆ ಬರೆದವು, ಅವಕ್ಕೆ ಅದು ಒದಗುವುದಿಲ್ಲ.

ಗೀಡ್ರಾವನ್ನು ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ ತನ್ನ ಬಳಕೆಗೆಂದು ಕಟ್ಟಿ 2019ರ ಮಾರ್ಚ್‌ನಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿತು. ಮುಂದಿನ ತಿಂಗಳು ಪೂರ್ತಿ ಮೂಲ ಕೋಡೂ ಬಂದಿತು. ಇಂಟೆಲ್, ಆರ್ಮ್, ಮಿಪ್ಸ್, ಪವರ್‌ಪಿಸಿ ಮೊದಲಾದ ಹಲವು ಪ್ರೊಸೆಸರುಗಳ ಆದೇಶಗಳನ್ನು ಪಿ-ಕೋಡ್ ಎಂಬ ಒಂದೇ ನಡುಭಾಷೆಗೆ ತಂದು, ಅಲ್ಲಿಂದ ಸಿ ಬರಹಕ್ಕೆ ಏರಿಸುವುದು ಅದರ ಕ್ರಮ. ಒಂದು ನಡುಭಾಷೆ ಇರುವುದರಿಂದ ಎಲ್ಲ ಪ್ರೊಸೆಸರುಗಳಿಗೂ ಒಂದೇ ಡಿಕಂಪೈಲರ್ ಸಾಕಾಗುತ್ತದೆ, ಕಲಿಯುವವರೂ ಒಂದೇ ಸಲ ಕಲಿತರೆ ಸಾಕು. ಇಂಟರ್ನೆಟ್ ಇಲ್ಲದೆ ನಡೆಯುತ್ತದೆ. ಹಲವರು ಒಂದೇ ಫೈಲಿನ ಮೇಲೆ ಕೂಡಿ ಕೆಲಸ ಮಾಡುವ ಸರ್ವರ್ ವ್ಯವಸ್ಥೆ ಅದರಲ್ಲೇ ಇದೆ. ಹುಬ್ಬಳ್ಳಿಯ ಕಾಲೇಜಿನಲ್ಲಿ ಓದುವ ಕಾಲೊನಿಯ ಹುಡುಗಿ ಹೆಸರಿಟ್ಟ ಫಂಕ್ಷನ್ ಮಠದ ಕಂಪ್ಯೂಟರಿನಲ್ಲೂ ಅದೇ ಹೆಸರಿನಲ್ಲಿ ಕಾಣುವಂತೆ ಮಾಡಬಹುದು. ಒಂದು ದೇಶದ ಗೂಢಚರ ಇಲಾಖೆಯ ಸಲಕರಣೆಯನ್ನು ನಂಬಬಹುದೇ ಎಂಬ ಸಂದೇಹ ಸಹಜ. ಬಿಡುಗಡೆಯಾದ ಕೆಲವೇ ಗಂಟೆಗಳಲ್ಲಿ, ಡೀಬಗ್ ರೀತಿಯಲ್ಲಿ ನಡೆಸಿದಾಗ ಅದು ಜಾಲದ ಕಡೆಗೆ ಒಂದು ಬಾಗಿಲು ತೆರೆದಿಡುತ್ತದೆ ಎಂದು ಹೊರಗಿನವರು ಕಂಡುಹಿಡಿದರು, ಆ ದೋಷ ಸರಿಯಾಯಿತು. ಬಹಿರಂಗ ಕೋಡಿನ ಮೇಲೆ ಅಷ್ಟು ಕಣ್ಣುಗಳಿರುತ್ತವೆ. ಮುಚ್ಚಿದ ಸಲಕರಣೆಗೆ ಹೋಲಿಸಿದರೆ ಇದನ್ನೇ ಹೆಚ್ಚು ನಂಬಬಹುದು.

ಗೀಡ್ರಾದ ಕುಂದುಗಳೂ ಇವೆ. ಹಳೆಯ ಲ್ಯಾಪ್‌ಟಾಪಿನಲ್ಲಿ ತೆವಳುತ್ತದೆ. 4 ಜಿಬಿ ಮೆಮರಿಯಲ್ಲಿ ಹೇಗೋ ನಡೆದೀತು, 8 ಇದ್ದರೆ ನೆಮ್ಮದಿ. ಸಿ++ ಕ್ಲಾಸುಗಳನ್ನು ಗುರುತಿಸುವುದರಲ್ಲಿ, ಗೋ, ರಸ್ಟ್ ಭಾಷೆಗಳ ಫೈಲುಗಳಲ್ಲಿ ಓದುಗರು ಕೈಯಿಂದ ಬಹಳ ದುಡಿಯಬೇಕಾಗುತ್ತದೆ. ರಿಜಿನ್ ಮತ್ತು ಅದರ ಕಿಟಕಿ ರೂಪವಾದ ಕಟ್ಟರ್ ಇದಕ್ಕಿಂತ ಹಗುರ, ಹಳೆಯ ಯಂತ್ರಗಳಿಗೆ ಒಗ್ಗುತ್ತವೆ. ಕಟ್ಟರ್ ಒಳಗೆ ಗೀಡ್ರಾದ ಡಿಕಂಪೈಲರನ್ನೇ ಕೂರಿಸಿಕೊಳ್ಳಬಹುದು. ಅವಾಸ್ಟ್ ಕಂಪನಿ 2017ರ ಡಿಸೆಂಬರಿನಲ್ಲಿ ಬಹಿರಂಗಪಡಿಸಿದ ರೆಟ್‌ಡೆಕ್ ಎರಡನೆಯ ಅಭಿಪ್ರಾಯಕ್ಕೆ ಉಪಯೋಗಿ, ಮೊದಲನೆಯದಕ್ಕೆ ಅಲ್ಲ.

ಸಲಕರಣೆಯನ್ನು ಒರೆಗೆ ಹಚ್ಚುವ ವಿಧಾನ ಸರಳವಿದೆ, ಯಾರ ಶಿಫಾರಸೂ ಬೇಕಿಲ್ಲ. ಒಂದು ಸಂಪರ್ಕಪಟ್ಟಿಯನ್ನು ಓದಿ ಫೈಲಿಗೆ ಬರೆಯುವಂಥ ಐವತ್ತು ಸಾಲಿನ ಪ್ರೋಗ್ರಾಮನ್ನು ಸ್ವತಃ ಬರೆದು, ಕಂಪೈಲ್ ಮಾಡಿ, ಎರಡು ಡಿಕಂಪೈಲರ್‌ಗಳಿಗೂ ಕೊಡಬೇಕು. ಮೂಲ ಕೈಯಲ್ಲೇ ಇರುವುದರಿಂದ ಯಾವುದು ಎಲ್ಲಿ ತಪ್ಪಿತು ಎಂಬುದು ಕಣ್ಣಿಗೆ ಕಾಣುತ್ತದೆ. ಅದನ್ನೇ ಕಂಪೈಲರಿನ ಆಪ್ಟಿಮೈಸೇಷನ್ ಏರಿಸಿ, ಹೆಸರುಗಳನ್ನು ಅಳಿಸಿ ಮತ್ತೆ ಕೊಟ್ಟರೆ ಲೂಪುಗಳು ಹೇಗೆ ರೂಪ ಬದಲಿಸುತ್ತವೆ, ಒಂದು ಫಂಕ್ಷನ್ ಇನ್ನೊಂದರೊಳಗೆ ಹೇಗೆ ಕರಗಿಹೋಗುತ್ತದೆ ಎಂಬುದೂ ತಿಳಿಯುತ್ತದೆ. ಇತ್ತೀಚೆಗೆ ಡಿಕಂಪೈಲ್ ಮಾಡಿದ ಬರಹವನ್ನು ಎಐಗೆ ಕೊಟ್ಟು ಹೆಸರಿಡಿಸುವ ರೂಢಿ ಬಂದಿದೆ. ಕೆಲಸ ಬೇಗ ಸಾಗುವುದು ನಿಜ. ಆದರೆ ಅಂದದ ಹೆಸರು ಕಂಡೊಡನೆ ಓದುವವರು ಪರೀಕ್ಷಿಸುವುದನ್ನೇ ಬಿಡುತ್ತಾರೆ. ಎಐ ಇಟ್ಟ ಹೆಸರು ಊಹೆಯ ಮೇಲಿನ ಊಹೆ ಎಂದೇ ತಿಳಿಯಬೇಕು.

ಬಿಚ್ಚಿ ನೋಡುವ ಸಲಕರಣೆಯೂ ದಾಳಿಯ ಗುರಿಯೇ. 2021ರ ನವೆಂಬರಿನಲ್ಲಿ ಈಸೆಟ್ ಸಂಶೋಧಕರು ಎಚ್ಚರಿಸಿದಂತೆ, ಬೀಗ ಮುರಿದ ಐಡಾದ ಪ್ರತಿಯೊಂದರಲ್ಲಿ ಉತ್ತರ ಕೊರಿಯದ ಲಜಾರಸ್ ಗುಂಪು ವಿಷ ಬೆರೆಸಿ ಹರಿಯಬಿಟ್ಟಿತ್ತು. 2022ರ ಆರಂಭದಲ್ಲಿ ಡಾಟ್‌ನೆಟ್ ಡಿಕಂಪೈಲರಾದ ಡಿಎನ್‌ಸ್ಪೈಯ ಹೆಸರಿನಲ್ಲೂ ಅಂಥದ್ದೇ ನಡೆಯಿತು. ಪೆನ್‌ಡ್ರೈವ್‌ನಲ್ಲಿ ಕೈಯಿಂದ ಕೈಗೆ ಬರುವ ‘ಕ್ರ್ಯಾಕ್’ ಪ್ರತಿಗಳನ್ನು ಮುಟ್ಟಲೇಬಾರದು. ಸಲಕರಣೆಯ ಅಧಿಕೃತ ತಾಣದಿಂದಲೇ ಇಳಿಸಿಕೊಂಡು, ಅಲ್ಲಿ ಕೊಟ್ಟ, ಫೈಲಿನ ಬೆರಳಚ್ಚಿನಂಥ ಶಾ-256 ಮೊತ್ತದೊಡನೆ ತಾಳೆ ನೋಡಬೇಕು. ಅಸಲಿ ಸಲಕರಣೆಯಲ್ಲೂ ರಂಧ್ರಗಳಿರುತ್ತವೆ: ಎಪಿಕೆಟೂಲ್‌ನ 2.9.1ರವರೆಗಿನ ಆವೃತ್ತಿಗಳಲ್ಲಿ, ಹೊಂಚಿ ತಯಾರಿಸಿದ ಎಪಿಕೆಯೊಂದು ಬಿಚ್ಚುವವರ ಕಂಪ್ಯೂಟರಿನಲ್ಲಿ ತನಗೆ ಬೇಕಾದ ಕಡೆ ಫೈಲ್ ಬರೆಯಲು ಸಾಧ್ಯವಿತ್ತು. ಆದ್ದರಿಂದ ಕಚೇರಿಯ ಲೆಕ್ಕಪತ್ರ, ದೇಣಿಗೆದಾರರ ಪಟ್ಟಿ ಇರುವ ಯಂತ್ರದಲ್ಲಿ ಈ ಕೆಲಸ ಬೇಡ. ಹಳೆಯದೊಂದು ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ, ವೈಫೈ ಬಂದ್ ಮಾಡಿ ಮೀಸಲಿಟ್ಟರೆ ಸಾಕು. ರೆಮ್‌ನಕ್ಸ್ ಎಂಬ ಉಚಿತ ಲಿನಕ್ಸ್‌ನಲ್ಲಿ ಇಲ್ಲಿ ಹೇಳಿದವುಗಳಲ್ಲಿ ಹಲವು ಮೊದಲೇ ಜೋಡಣೆಯಾಗಿ ಬರುತ್ತವೆ.

ಆನ್‌ಲೈನ್ ಡಿಕಂಪೈಲರ್‌ಗಳ ಬಗ್ಗೆ ಒಂದು ಕಟ್ಟುನಿಟ್ಟಿನ ಮಾತು ಹೇಳಲೇಬೇಕು. ಡಾಗ್‌ಬೋಲ್ಟ್‌ನಂಥ ತಾಣದಲ್ಲಿ ಒಂದೇ ಫೈಲಿಗೆ ಹಲವು ಡಿಕಂಪೈಲರ್‌ಗಳ ಉತ್ತರವನ್ನು ಅಕ್ಕಪಕ್ಕ ನೋಡಬಹುದು, ಕಲಿಯಲು ಅದು ಬಹಳ ಒಳ್ಳೆಯದು. ಆದರೆ ಕಲಿಕೆಗೆ ಸ್ವತಃ ಬರೆದ ಪ್ರೋಗ್ರಾಮನ್ನು ಕೊಡಬೇಕೇ ಹೊರತು ಸಮುದಾಯದವರಿಗೆ ಬಂದ ಫೈಲನ್ನಲ್ಲ. ಒಬ್ಬರಿಗೆಂದೇ ತಯಾರಿಸಿದ ಫೈಲಿನಲ್ಲಿ ಅವರ ಹೆಸರು, ಪತ್ರ, ಟಿಬೆಟಿನೊಳಗಿನ ಸಂಬಂಧಿಕರ ಸುಳಿವು ಇರಬಹುದು. ವೈರಸ್‌ಟೋಟಲ್‌ಗೆ ಏರಿಸಿದ ಫೈಲನ್ನು ಹಣ ಕಟ್ಟಿದ ಚಂದಾದಾರರು ಇಳಿಸಿಕೊಳ್ಳಬಲ್ಲರು, ಅದನ್ನು ಕಳಿಸಿದವರೂ ತಮ್ಮ ಫೈಲ್ ಅಲ್ಲಿಗೆ ಬಂತೇ ಎಂದು ಕಾದು ನೋಡುತ್ತಿರಬಹುದು. ಫೈಲನ್ನು ಏರಿಸದೆ ಅದರ ಶಾ-256 ಮೊತ್ತವನ್ನಷ್ಟೇ ಅಲ್ಲಿ ಹುಡುಕಿದರೆ, ಬೇರೆಯವರು ಮೊದಲೇ ಕಂಡ ಫೈಲೋ ಅಲ್ಲವೋ ತಿಳಿಯುತ್ತದೆ, ಗುಟ್ಟೂ ಉಳಿಯುತ್ತದೆ. ಸರ್ವರಿಗೆ ಕೋಡ್ ಕಳಿಸುವ ಡಿಕಂಪೈಲರುಗಳು ಈ ಕಾಲೊನಿಯ ಕೆಲಸಕ್ಕೆ ಹೊಂದದಿರುವುದಕ್ಕೆ ಇದೇ ಕಾರಣ.

ಕಾನೂನಿನ ಅಂಜಿಕೆಯೂ ಕೆಲವರಿಗೆ ಇರುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂಗೆ 1999ರಲ್ಲಿ ತಂದ ತಿದ್ದುಪಡಿ, ನ್ಯಾಯವಾಗಿ ಪಡೆದ ಪ್ರೋಗ್ರಾಮನ್ನು ಗಮನಿಸಿ, ಅಭ್ಯಸಿಸಿ, ಪರೀಕ್ಷಿಸಿ ಅದರ ಹಿಂದಿನ ತತ್ತ್ವ ತಿಳಿಯಲು, ಸ್ವತಂತ್ರವಾಗಿ ಬರೆದ ಬೇರೆ ಪ್ರೋಗ್ರಾಮ್ ಅದರೊಡನೆ ಹೊಂದಿ ನಡೆಯಲು ಬೇಕಾದ, ಬೇರೆಡೆ ಸುಲಭವಾಗಿ ಸಿಗದ ಮಾಹಿತಿ ಪಡೆಯಲು ಅವಕಾಶ ಕೊಡುತ್ತದೆ. ಹಣ ಕಟ್ಟಬೇಕಾದ ಆ್ಯಪಿನ ಬೀಗ ಮುರಿದು ಅಂಗಡಿಯಲ್ಲಿ ಹಂಚುವುದಕ್ಕೆ ಈ ಕಲಂ ಆಸರೆಯಲ್ಲ. ಫೈಲಿನೊಳಗೆ ಸಿಕ್ಕ ಸರ್ವರ್ ವಿಳಾಸಕ್ಕೆ ಹೋಗಿ ಒಳನುಗ್ಗಲು ಯತ್ನಿಸುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ತಪ್ಪು, ಆ ಸರ್ವರ್ ಕಳ್ಳನದಾದರೂ ಸರಿಯೇ. ಸಾಲದ್ದಕ್ಕೆ ಅದು ಕಳ್ಳನನ್ನು ಎಚ್ಚರಿಸುತ್ತದೆ.

ಎಂಥ ಒಳ್ಳೆಯ ಡಿಕಂಪೈಲರಿಗೂ ಕಾಣದ ಸಂಗತಿಗಳಿವೆ. ಆ್ಯಪ್ ಫೋನಿಗೆ ಬಂದ ಮೇಲೆ ಸರ್ವರಿನಿಂದ ತರಿಸಿಕೊಳ್ಳುವ ಕೋಡ್ ಫೈಲಿನಲ್ಲಿ ಇರುವುದೇ ಇಲ್ಲ. ಬಂದವರ ಐಪಿ ವಿಳಾಸ ನೋಡಿ ಬೇಕಾದವರಿಗೆ ಮಾತ್ರ ವಿಷ ಕೊಡುವ ಜಾಲತಾಣದ ಮರ್ಮ ಇಳಿಸಿದ ಫೈಲಿನಿಂದ ತಿಳಿಯದು. 2024ರ ಮೊನ್ಲಮ್ ಪ್ರಕರಣದಲ್ಲಿ ನಡೆದದ್ದೇ ಹಾಗೆ. ಆದ್ದರಿಂದ ‘ಏನೂ ಸಿಗಲಿಲ್ಲ’ ಎಂಬುದನ್ನು ‘ಏನೂ ಇಲ್ಲ’ ಎಂದು ಯಾರಿಗೂ ಹೇಳಬಾರದು. ಲಗತ್ತುಗಳ ಮೋಹ ಬಿಡಿ ಎಂದು ಬೌದ್ಧರಿಗೆ ಒಪ್ಪುವ ಮಾತಿನಲ್ಲಿ ಟಿಬೆಟ್ ಆ್ಯಕ್ಷನ್ ಇನ್‌ಸ್ಟಿಟ್ಯೂಟ್ ನಡೆಸಿದ ಪ್ರಚಾರ, ಯಾವ ಡಿಕಂಪೈಲರಿಗಿಂತ ಹೆಚ್ಚು ಜನರನ್ನು ಕಾಯಬಲ್ಲದು. ಬಿಚ್ಚಿ ನೋಡುವುದು ಅದರ ನಂತರದ ಕೆಲಸ.

ಕಂಡದ್ದನ್ನು ಬರೆದಿಡುವುದರಲ್ಲಿ ಕೆಲಸ ಮುಗಿಯುತ್ತದೆ. ಫೈಲಿನ ಹೆಸರು, ಗಾತ್ರ, ಶಾ-256 ಮೊತ್ತ. ಯಾವ ದಿನ, ಯಾವ ದಾರಿಯಲ್ಲಿ ಬಂತು. ಬಳಸಿದ ಸಲಕರಣೆ ಮತ್ತು ಅದರ ಆವೃತ್ತಿ. ಕೇಳಿದ ಪರ್ಮಿಷನ್ನುಗಳು, ಸಹಿಯ ವಿವರ, ಸಿಕ್ಕ ಜಾಲ ವಿಳಾಸಗಳು. ಯಾವ ಫಂಕ್ಷನ್ ಏನು ಮಾಡುತ್ತದೆ ಎಂಬ ತೀರ್ಮಾನ, ಆ ತೀರ್ಮಾನಕ್ಕೆ ಕಾರಣವಾದ ಸಾಲುಗಳು. ಫೈಲು ಬಂದವರ ಹೆಸರು ಈ ಬರಹದಲ್ಲಿ ಬೇಡ. ಟಿಬೆಟನ್ ಸಂಸ್ಥೆಗಳಿಗೆ ಸಂಬಂಧಿಸಿದ್ದಾದರೆ ಅದನ್ನು ಟಿಬೆಟನ್ನರ ಕಂಪ್ಯೂಟರ್ ಸುರಕ್ಷಾ ತಂಡವಾದ ಟಿಬ್‌ಸರ್ಟ್‌ಗೆ, ಯಾರದ್ದೇ ಆದರೂ ಕೇಂದ್ರ ಸರ್ಕಾರದ ಅಂಥದ್ದೇ ಸಂಸ್ಥೆ ಸರ್ಟ್-ಇನ್‌ಗೆ ಕಳಿಸಬಹುದು. ಹಣ ಹೋಗಿದ್ದರೆ ಬಿಚ್ಚಿ ನೋಡುತ್ತ ಕೂರದೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ, ಸೈಬರ್ ಅಪರಾಧ ನೋಡಿಕೊಳ್ಳುವ ಕಾರವಾರದ ಸಿಇಎನ್ ಪೊಲೀಸ್ ಠಾಣೆಗೆ ದೂರು ಕೊಡಿಸಬೇಕು. ಹಣ ಖಾತೆಯಿಂದ ಖಾತೆಗೆ ಜಾರುವ ಮುನ್ನ ತಡೆಯಲು ಸಿಗುವ ಅವಧಿ ಬಹಳ ಕಡಿಮೆ. ಫೋನನ್ನು ಅಳಿಸಿ ರೀಸೆಟ್ ಮಾಡುವುದಕ್ಕೆ ಮುಂಚೆ ಎಪಿಕೆಯ ಒಂದು ಪ್ರತಿಯನ್ನು ಪಾಸ್‌ವರ್ಡ್ ಹಾಕಿದ ಜಿಪ್‌ನಲ್ಲಿ ತೆಗೆದಿಟ್ಟುಕೊಳ್ಳಬೇಕು.